ಮೋತಿಯ ಆಕಾಶಯಾನ

ನಾಯಿಯೊಡನೆಯೇ ಆಕಾಶಮಾರ್ಗವನ್ನು ಏರುವೆನೆಂದು ಮೊದಲು ಹಟ ಹಿಡಿದವನು ಧರ್ಮರಾಯನು. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಬರುವ ಈ ಕಥೆ ವಾಚಕರಿಗೆ ತಿಳಿದುದೇ. ತಮ್ಮಂದಿರನ್ನೂ ದ್ರೌಪದಿಯನ್ನೂ ದಾರಿಯಲ್ಲಿ ಕಳೆದುಕೊಂಡು ಒಬ್ಬಂಟಿಗನಾಗಿ ನಡೆಯುತ್ತಿದ್ದ ಆತನ ಮುಂದೆ ದೇವೇಂದ್ರನು ರಥವನ್ನು ತಂದು ನಿಲ್ಲಿಸಿದನು. ಬೆನ್ನು ಬಿಡದೆ ಬಂದ ನಾಯಿಗೂ ರಥದಲ್ಲಿ ಎಡೆಯುಂಟೇ ಎಂದು ಧರ್ಮರಾಯನು ಕೇಳಲು, ನಾಯಿಯುಳ್ಳವರಿಗೆ ಸ್ವರ್ಗವಿಲ್ಲವೆಂದು ಇಂದ್ರನು ನಿಯಮವನ್ನು ಹೇಳಿದನು. ಹಾಗಾದರೆ ಸ್ವರ್ಗವೇ ಬೇಡವೆಂದನು ಧರ್ಮರಾಯನು. ಮೂವತ್ತು ವರ್ಷಗಳ ಕಾಲ ಈ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದ್ದೇನೆ. ಅದೇ ಪ್ರಶ್ನೆಯು ನನ್ನ ಸ್ವಂತ ಅಕ್ಕನ ಬಾಯಿಂದ, ಔರಾದದ ಒಂದು ಪಡಸಾಲೆಯಲ್ಲಿ, ನನ್ನನ್ನೇ ಕೇಳೀತೆಂದು ಮಾತ್ರ ಎಂದೂ ಎಣಿಸಿರಲಿಲ್ಲ.

ಔರಾದವು ಬೀದರ ಜಿಲ್ಲೆಯ ಉತ್ತರದ ತುದಿಯ ತಾಲೂಕು. ಒಂದು ಕಡೆ ಮಹಾರಾಷ್ಟ್ರ, ಮತ್ತೊಂದು ಕಡೆ ತೆಲಂಗಾಣ. ನಡುವೆ ತೊಗರಿ, ಜೋಳ, ಸೋಯಾಬೀನ್ ಬೆಳೆಯುವ ಎರೆಯ ಹೊಲಗಳು. ಊರಿನಲ್ಲಿ ಅಮರೇಶ್ವರನ ಗುಡಿ. ಅವನ ಜಾತ್ರೆಗೆ ದನಗಳೂ ಜನಗಳೂ ಸೇರುವರು. ಈ ಗಡಿಯೂರಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಬೀದಿಯಲ್ಲಿ ಕೂಡಿ ನಡೆಯುವುವು. ಅಕ್ಕನ ನಾಯಿ ಮೋತಿಯನ್ನು ನಾಲ್ಕು ಭಾಷೆಗಳಲ್ಲಿಯೂ ಬೈಯುವವರಿದ್ದರು. ಅದು ನಾಲ್ಕನ್ನೂ ಅರಿತು ಯಾವುದನ್ನೂ ಕೇಳುತ್ತಿರಲಿಲ್ಲ.

ಮೋತಿಯು ಬಿಳಿಯ ತುಪ್ಪಳಿನ, ಚೂಪುಮೂತಿಯ ಸಣ್ಣ ನಾಯಿ; ತೂಕ 5 ಕಿಲೋಗ್ರಾಮ್. ಭಾವನವರು ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲಿ ಉಸಿರಾಡುವ ಎರಡನೆಯ ಜೀವ ಅದೊಂದೇ. 2023ರ ಆಷಾಢದಲ್ಲಿ ಅಕ್ಕನು ಹಿತ್ತಲ ಹಾಸುಗಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಗಿ ಕೋಲು ಹಿಡಿದು ನಡೆಯುವಂತಾದಳು; ಆದರೆ ಒಂಟಿಯಾಗಿ ಇರಿಸುವಂತಿಲ್ಲ. ಬೆಂಗಳೂರಿನಲ್ಲಿರುವ ಮಗನು ಕರೆದೊಯ್ಯಲು ಸಿದ್ಧನಾದನು. ಮೋತಿಯನ್ನು ನೆರೆಯವರಿಗೆ ಒಪ್ಪಿಸೋಣವೆಂದು ನಾನು ಸೂಚಿಸಿದೆನು. ಅಕ್ಕನು ನನ್ನ ಮುಖವನ್ನೇ ನೋಡಿ, "ನಾ ಬಿದ್ದ ದಿನ ಬಾಗಲದಾಗ ನಿಂತು ಒದರಿ ಒದರಿ ಮಂದೀನ ಕರದದ್ದು ಇದೇ ಅದ, ತಮ್ಮಾ. ಇದನ್ನ ಬಿಟ್ಟು ನಾ ಎಲ್ಲೀಗೂ ಬರಲ್ಲ" ಎಂದಳು. ಮುಂದೆ ವಾದಿಸಲು ನನ್ನಲ್ಲಿ ಮಾತಿರಲಿಲ್ಲ.

ಬೀದರದಿಂದ ಬೆಂಗಳೂರಿಗೆ ರಸ್ತೆಯಿಂದ ಹೋದರೆ ಸುಮಾರು 700 ಕಿಲೋಮೀಟರ್. ರೈಲಿನಲ್ಲಿ ಇರುಳಿಡೀ ಪ್ರಯಾಣ. ಅಲ್ಲಿಯೂ ನಾಯಿಯನ್ನು ಜೊತೆಯಲ್ಲಿರಿಸಿಕೊಳ್ಳಬೇಕಾದರೆ ಮೊದಲನೆಯ ದರ್ಜೆಯ ಒಂದು ಕೋಣೆಯನ್ನೇ ಪೂರ್ತಿ ಹಿಡಿಯಬೇಕು. ಇಲ್ಲವೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಅದನ್ನು ಒಂಟಿಯಾಗಿ ಕಳುಹಿಸಬೇಕು. ಅಕ್ಕನ ಸೊಂಟಕ್ಕೆ ಅಷ್ಟು ದೀರ್ಘಪ್ರಯಾಣವನ್ನು ವೈದ್ಯರು ಬೇಡವೆಂದಿದ್ದರು. ಉಳಿದುದು ವಿಮಾನ. ಬೀದರದಿಂದ ಬೆಂಗಳೂರಿಗೆ 2020ರ ಫೆಬ್ರವರಿ 7ರಂದು ವಿಮಾನ ಸಂಚಾರ ಮೊದಲಾಗಿತ್ತು. ಅದು ನಡುನಡುವೆ ನಿಂತು, 2025ರ ಏಪ್ರಿಲಿನಲ್ಲಿ ಮರಳಿ ಆರಂಭವಾಯಿತು. ನಾವು ಹೊರಡಬೇಕಾದ 2024ರ ಆದಿಯಲ್ಲಿ ಆ ಸಂಚಾರ ನಿಂತಿದ್ದ ಕಾಲ. ಆದುದರಿಂದ ಹೈದರಾಬಾದಿನ ಶಂಶಾಬಾದ ವಿಮಾನನಿಲ್ದಾಣವೇ ನಮಗೆ ಗತಿಯಾಯಿತು.

ಇಂದ್ರನ ನಿಯಮವನ್ನು ನಮ್ಮ ದೇಶದ ಕೆಲವು ವಿಮಾನ ಸಂಸ್ಥೆಗಳು ಇಂದಿಗೂ ಪಾಲಿಸುತ್ತವೆ. ಸಾಕುಪ್ರಾಣಿಗಳನ್ನು ಅವು ಒಲ್ಲವು. ಏರ್ ಇಂಡಿಯಾ ಹಿಂದಿನಿಂದಲೂ ಒಯ್ಯುತ್ತಿತ್ತು. 2022ರ ನವೆಂಬರಿನಿಂದ ಆಕಾಸ ಏರ್ ಎಂಬ ಹೊಸ ಸಂಸ್ಥೆಯೂ ಒಯ್ಯತೊಡಗಿತು. ಆಕಾಸದವರ ಮೊದಲಿನ ನಿಯಮದಂತೆ ನಾಯಿ, ಅದರ ಚೀಲ ಎರಡೂ ಸೇರಿ 7 ಕಿಲೋ ಮೀರದಿದ್ದರೆ ಪ್ರಯಾಣಿಕರ ಕೋಣೆಯಲ್ಲಿಯೇ, ಮುಂದಿನ ಆಸನದ ಕೆಳಗೆ ಇರಿಸಬಹುದು. ಮೀರಿದರೆ ಸಾಮಾನಿನ ಕೋಣೆಗೆ ಹೋಗಬೇಕು. ಈ ತೂಕದ ಮಿತಿಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಕಾಲಕಾಲಕ್ಕೆ ಬದಲಾಗತಕ್ಕವು. ಆದುದರಿಂದ ಚೀಟಿಯನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ನಾವು ಕೊಂಡದ್ದು ಜಾಲರಿಯ ಕಿಟಕಿಗಳುಳ್ಳ ಮೆತ್ತನೆಯ ಚೀಲ. ನಾಯಿಯು ಒಳಗೆ ನಿಂತು, ತಿರುಗಿ, ಮಲಗುವಷ್ಟು ಎಡೆಯಿರಬೇಕೆಂಬುದು ಇದರ ಅಳತೆ. ಔರಾದದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಮೋತಿಸಹಿತವಾಗಿ ತೂಗಿದಾಗ 6.5 ಕಿಲೋ ಆಯಿತು. ಶೇಂಗಾ ಕೊಳ್ಳಲು ಬಂದವರು ನಿಂತು ನೋಡಿದರು.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ. ಚೀಲವು ಬಂದ ದಿನವೇ ಮೋತಿಯನ್ನು ಎತ್ತಿ ಒಳಗೆ ಹಾಕಿ, ಬಾಯಿ ಮುಚ್ಚಿ, "ಹತ್ತು ನಿಮಿಷ ಅಳಲಿ, ಆಮೇಲೆ ರೂಢಿಯಾಗುವುದು" ಎಂದೆನು. ಅದು ಹತ್ತು ನಿಮಿಷ ಅಳಲಿಲ್ಲ. ಅರ್ಧ ಗಂಟೆ ಚೀರಿತು, ಜಾಲರಿಯನ್ನು ಕೆರೆದು ಉಗುರಿನಲ್ಲಿ ರಕ್ತ ಬರಿಸಿಕೊಂಡಿತು. ಬಿಡಿಸಲು ಹೋದ ನನ್ನ ಬೆರಳನ್ನು ಕಚ್ಚಿತು. ಮರುದಿನದಿಂದ ಆ ಚೀಲವನ್ನು ಕಂಡರೆ ಮಂಚದ ಕೆಳಗೆ ಓಡತೊಡಗಿತು. ಅಕ್ಕನು ನನ್ನ ಬೆರಳಿಗೆ ಅರಿಷಿಣ ಹಚ್ಚುತ್ತ, "ಸಾಲೀಗಿ ಹುಡುಗರನ್ನ ಹಿಂಗೇ ಕೂಡಿಸ್ತಿದ್ದ್ಯಾ?" ಎಂದು ಕೇಳಿದಳು. ನಗೆಯಾಡಿ ಕೇಳಿದ ಮಾತು. ಆದರೆ ಅಂದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹೊತ್ತು ತಂದು ತರಗತಿಯಲ್ಲಿ ಕೆಡವಿ ಬಾಗಿಲಿಕ್ಕಿದ ಎಷ್ಟು ಮಕ್ಕಳ ಅಳುವನ್ನು "ರೂಢಿಯಾಗುವುದು" ಎಂಬ ಒಂದೇ ಮಾತಿನಿಂದ ಅಡಗಿಸಿದ್ದೆನೋ, ಅವರೆಲ್ಲರೂ ಒಬ್ಬೊಬ್ಬರಾಗಿ ನೆನಪಿಗೆ ಬಂದರು.

ಭಾಲ್ಕಿಯಲ್ಲಿರುವ ನನ್ನ ಮಿತ್ರರೊಬ್ಬರು ಇದಕ್ಕೆ ಸುಲಭೋಪಾಯವನ್ನು ಹೇಳಿದರು: ಹೊರಡುವ ಮುನ್ನ ನಿದ್ರೆಯ ಗುಳಿಗೆಯೊಂದನ್ನು ಅರೆದು ರೊಟ್ಟಿಯಲ್ಲಿ ಕೊಟ್ಟುಬಿಡುವುದು. ಸುಲಭವಾದುದರಲ್ಲಿ ನನಗೆ ಅಂದು ನಂಬಿಕೆ ತಪ್ಪಿತ್ತು. ಕೇಳಿಯೇ ನೋಡೋಣವೆಂದು ಮೋತಿಯನ್ನು ಬೀದರಕ್ಕೆ ಕರೆದೊಯ್ದೆನು. ಔರಾದದಿಂದ ಸಂತಪುರದ ಮೇಲೆ, ಕೌಠಾದ ಬಳಿ ಮಾಂಜ್ರಾ ನದಿಯ ಸೇತುವೆಯನ್ನು ದಾಟಿ ಬೀದರವನ್ನು ಸೇರಬೇಕು. ಬೀದರದ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ನಾಡಿನ ಮೂಲೆಯ ಜಿಲ್ಲೆಯೆಂದು ಕರೆಯಿಸಿಕೊಳ್ಳುವ ನಮ್ಮ ಬೀದರದಿಂದಲೇ ರಾಜ್ಯದ ಪಶುವೈದ್ಯ ವಿದ್ಯೆಯ ಆಡಳಿತ ನಡೆಯುವುದು. ಬೇಟೆನಾಯಿಗೆ ಹೆಸರಾದ ಮುಧೋಳದ ಹತ್ತಿರ, ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನ ಕೇಂದ್ರವೂ ಇದಕ್ಕೇ ಸೇರಿದುದು.

ಅಲ್ಲಿಯ ತರುಣ ವೈದ್ಯರೊಬ್ಬರು ಮೋತಿಯನ್ನು ಪರೀಕ್ಷಿಸಿ, ಗುಳಿಗೆಯ ಮಾತನ್ನು ಕೇಳಿ ತಲೆಯಲ್ಲಾಡಿಸಿದರು. ಅವರು ಹೇಳಿದುದರ ಸಾರ ಇಷ್ಟು. ಮತ್ತು ಬರಿಸುವ ಔಷಧಗಳು ರಕ್ತದ ಒತ್ತಡವನ್ನು ಇಳಿಸುವುವು. ಮೈಯ ಶಾಖವನ್ನು ಹದವಾಗಿರಿಸಿಕೊಳ್ಳುವ ಶಕ್ತಿಯನ್ನು ಕುಂದಿಸುವುವು. ಕಾಲಿನ ಹಿಡಿತವನ್ನು ತಪ್ಪಿಸುವುವು. ವಿಮಾನವು ಎಷ್ಟೇ ಎತ್ತರದಲ್ಲಿರಲಿ, ಒಳಗಿನ ಗಾಳಿಯನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಗಾಳಿಗೆ ಸಮನಾಗಿ ಇರಿಸುವರು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 6,330 ಅಡಿ. ಅದರ ತುದಿಯಲ್ಲಿಯೋ ಅದಕ್ಕಿಂತ ತುಸು ಮೇಲೆಯೋ ಕುಳಿತಂತೆ. ಆ ತೆಳುಗಾಳಿಯಲ್ಲಿ ಮತ್ತಿನಲ್ಲಿರುವ ಪ್ರಾಣಿಯ ಉಸಿರಾಟ, ಹೃದಯಗಳು ತೊಂದರೆಗೀಡಾಗಬಹುದು. ಅದಲ್ಲದೆ ಕೆಲವು ಔಷಧಗಳು ದೇಹವನ್ನಷ್ಟೇ ಅಲುಗದಂತೆ ಮಾಡುವುವು. ಭಯವು ಒಳಗೆ ಹಾಗೆಯೇ ಉಳಿದಿರುವುದು. "ನೋಡುವವರಿಗೆ ಶಾಂತವಾಗಿರುತ್ತದೆ, ಗುರುಗಳೇ, ನಾಯಿಗಲ್ಲ" ಎಂದರು ವೈದ್ಯರು. ಮತ್ತಿನಲ್ಲಿರುವ ಪ್ರಾಣಿಯನ್ನು ಹತ್ತಿಸಿಕೊಳ್ಳಲು ಅನೇಕ ವಿಮಾನ ಸಂಸ್ಥೆಗಳೂ ಒಪ್ಪುವುದಿಲ್ಲ. ತೀರ ಅಂಜುಬುರುಕ ನಾಯಿಗೆ ಔಷಧ ಬೇಕೇ ಆದರೆ ಅದನ್ನು ವೈದ್ಯರೇ ಗೊತ್ತುಮಾಡಬೇಕು, ಮುಂಚಿತವಾಗಿ ಮನೆಯಲ್ಲಿ ಕೊಟ್ಟು ನೋಡಿರಬೇಕು. ಮನುಷ್ಯರ ಗುಳಿಗೆಯನ್ನಂತೂ ಎಂದೂ ಕೊಡಬಾರದು. ಪಗ್ ಮೊದಲಾದ ಮೋಟುಮೂಗಿನ ನಾಯಿಗಳಿಗೆ ನೆಲದ ಮೇಲೆಯೇ ಉಸಿರು ಕಷ್ಟವಾದುದರಿಂದ ಅವುಗಳಿಗೆ ಆಕಾಶಯಾನವು ಹೆಚ್ಚು ಅಪಾಯಕರ. ಮೋತಿಯ ಮೂಗು ಉದ್ದವಾದುದು ನಮ್ಮ ಪುಣ್ಯ.

ಹಾಗಾದರೆ ಉಪಾಯವೇನೆಂದು ಕೇಳಿದೆನು. "ಆರು ವಾರ ಸಮಯ ಇದೆಯಲ್ಲ, ಅದೇ ಔಷಧ" ಎಂದರು.

ಮನಸ್ಸನ್ನು ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಹಿಡಿಯಬೇಕೆಂದು ಗೀತೆಯೂ ಹೇಳಿದೆ, ಪತಂಜಲಿಯೂ ಹೇಳಿದ್ದಾನೆ. ಔರಾದಕ್ಕೆ ಮರಳುವ ದಾರಿಯಲ್ಲಿ ನಾನು ಕೆಲಸವನ್ನು ಹಂಚಿದೆನು: ಅಭ್ಯಾಸವು ಮೋತಿಯ ಪಾಲು, ವೈರಾಗ್ಯವು ಅಕ್ಕನ ಪಾಲು. ಇವೆರಡರಲ್ಲಿ ಯಾವುದು ಕಠಿನವೆಂದು ಆಗ ತಿಳಿದಿರಲಿಲ್ಲ.

ಚೀಲವೆಂಬ ಹೆಸರನ್ನೇ ಬಿಟ್ಟು ಅದನ್ನು ಗೂಡೆಂದು ಕರೆದೆವು. ಅಕ್ಕನ ಹಳೆಯ ಸೀರೆಯಿಂದ ಹೊಲಿದ, ಒಗೆಯದ ಕೌದಿಯ ತುಂಡೊಂದನ್ನು ಒಳಗೆ ಹಾಸಿ, ಬಾಯಿ ತೆರೆದು, ಪಡಸಾಲೆಯ ಮೂಲೆಯಲ್ಲಿ ಇರಿಸಿದೆವು. ನಾಯಿಗೆ ಜಗತ್ತು ಮುಖ್ಯವಾಗಿ ಮೂಗಿನ ಮೂಲಕ ತಿಳಿಯುವುದು. ಒಡತಿಯ ಮೈವಾಸನೆಯುಳ್ಳ ಬಟ್ಟೆ ಇರುವ ಸ್ಥಳವೇ ಅದಕ್ಕೆ ಮನೆ. ನಾಲ್ಕು ದಿನ ಮೋತಿಯು ಅತ್ತ ಸುಳಿಯಲಿಲ್ಲ, ನಾವೂ ಕರೆಯಲಿಲ್ಲ. ಐದನೆಯ ದಿನ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಗೂಡಿನ ಹೊರಗೆ ಒಂದು ಮೊಳ ದೂರದಲ್ಲಿಟ್ಟೆವು. ದಿನಕ್ಕೆ ನಾಲ್ಕು ಬೆರಳಿನಷ್ಟು ಬಟ್ಟಲು ಒಳಗೆ ಸರಿಯಿತು. ಹನ್ನೆರಡನೆಯ ದಿನ ಮಧ್ಯಾಹ್ನ ನಾನು ಬಂದು ನೋಡುವಾಗ ಅದು ತಾನಾಗಿ ಒಳಗೆ ಹೋಗಿ ಕೌದಿಯ ಮೇಲೆ ಸುರುಳಿಯಾಗಿ ಮಲಗಿತ್ತು. ಅಕ್ಕನು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದಳು.

ಆಮೇಲೆ ಬಾಯಿ ಮುಚ್ಚುವ ಪಾಠ. ಮೊದಲ ದಿನ ಹತ್ತು ಎಣಿಸುವವರೆಗೆ, ಮರುದಿನ ನೂರು ಎಣಿಸುವವರೆಗೆ, ಹೀಗೆ ಹೆಚ್ಚಿಸುತ್ತ ಒಂದು ಗಂಟೆಗೆ ಮುಟ್ಟಿಸಿದೆವು. ಅಳತೊಡಗಿದ ಮೇಲೆ ಬಿಡುವುದಲ್ಲ, ಅಳುವ ಮೊದಲೇ ಬಿಡುವುದು. ಇದೇ ಈ ವಿದ್ಯೆಯ ಗುಟ್ಟು. ಸಂಜೆ ದೀಪ ಹಚ್ಚಿದ ಮೇಲೆ ಅಕ್ಕನು ಗೂಡಿನ ಪಕ್ಕದಲ್ಲಿ ಕುಳಿತು, ಅವ್ವ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಬಾಯೊಳಗೇ ಗುನುಗುವಳು. ಅದನ್ನು ಕೇಳುತ್ತ ಮೋತಿ ನಿದ್ರೆ ಹೋಗುವುದು. ಇದು ದಿನನಿತ್ಯದ ಕಟ್ಟಳೆಯಾಯಿತು. ಬಳಿಕ ಗೂಡನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಾಡುವುದು. ಬಳಿಕ ವಾಹನದಲ್ಲಿ ಸಂತಪುರದವರೆಗೆ ಹೋಗಿಬರುವುದು. ಮೊದಲ ಸಲ ಅದು ವಾಂತಿ ಮಾಡಿತು. ಹೊಟ್ಟೆ ತುಂಬ ಉಣಿಸಿ ಹೊರಡಿಸಿದ್ದೇ ಕಾರಣವೆಂದು ತಿಳಿದು, ಪ್ರಯಾಣಕ್ಕೆ ನಾಲ್ಕು ಗಂಟೆ ಮುಂಚೆ ಸ್ವಲ್ಪವೇ ಆಹಾರ, ಆಮೇಲೆ ಗುಟುಕು ನೀರು ಮಾತ್ರ ಎಂಬ ನಿಯಮವನ್ನು ಮಾಡಿದೆವು.

ಈ ಕ್ರಮವು ಹೊಸದೇನೂ ಅಲ್ಲ. ರಷ್ಯನ್ನರು ನಾಯಿಗಳನ್ನು ಆಕಾಶಕ್ಕೆ ಕಳುಹಿಸುವ ಮುನ್ನ ದಿನದಿನಕ್ಕೆ ಕಿರಿದಾಗುವ ಪಂಜರಗಳಲ್ಲಿ ವಾರಗಟ್ಟಲೆ ಇರಿಸಿ ರೂಢಿ ಮಾಡಿಸಿದ್ದರು. ಬೆಲ್ಕಾ ಮತ್ತು ಸ್ಟ್ರೆಲ್ಕಾ ಎಂಬ ಎರಡು ನಾಯಿಗಳು 1960ರ ಆಗಸ್ಟಿನಲ್ಲಿ ಭೂಮಿಯನ್ನು ಸುತ್ತಿ ಜೀವಸಹಿತ ಇಳಿದುಬಂದುವು. ಒಂದು ಸಂಜೆ ಇದನ್ನು ಅಕ್ಕನಿಗೆ ಹೇಳಿದೆನು. 1957ರ ನವೆಂಬರಿನಲ್ಲಿ ಹೋದ ಲೈಕಾ ಮರಳಿ ಬರಲಿಲ್ಲ, ಅದನ್ನು ಹೇಳಲಿಲ್ಲ.

ನಾಲ್ಕನೆಯ ವಾರ ಅಕ್ಕನನ್ನೂ ಮೋತಿಯನ್ನೂ ಭಾಲ್ಕಿಗೆ, ನನ್ನ ಮನೆಗೆ ಕರೆತಂದೆನು. ಭಾಲ್ಕಿಯು ಹಳೆಯ ಕೋಟೆಯ ಊರು. ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು. ಹೆದರಿಸದೆ, ಹೆದರದೆ, ಮೆಲ್ಲಗೆ ಕಲಿಸಿದ ಪಾಠವೇ ಉಳಿಯುವುದೆಂದು ಈ ಊರಿನ ಮೇಷ್ಟರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಆದರೂ ನಾಯಿಯೇ ಹೇಳಬೇಕಾಯಿತು. ಊರ ಬದಲಾವಣೆಯಿಂದ ಮೋತಿಯು ಎರಡು ದಿನ ಉಣ್ಣಲಿಲ್ಲ; ಮೂರನೆಯ ದಿನ ತನ್ನ ಗೂಡನ್ನು ಹುಡುಕಿಕೊಂಡು ಹೋಗಿ ಮಲಗಿತು. ಊರು ಬೇರೆಯಾದರೂ ಗೂಡು ಅದೇ ಎಂಬುದನ್ನು ಅದು ತಿಳಿಯಬೇಕಾಗಿತ್ತು, ತಿಳಿಯಿತು.

ಭಾಲ್ಕಿಯ ರೈಲು ನಿಲ್ದಾಣವು ಶಬ್ದದ ಪಾಠಕ್ಕೆ ಶಾಲೆಯಾಯಿತು. ಮನುಷ್ಯನ ಕಿವಿಗೆ ಕ್ಷಣಕ್ಕೆ 20,000 ಕಂಪನಗಳವರೆಗಿನ ನಾದವು ಕೇಳಿಸಿದರೆ, ನಾಯಿಯ ಕಿವಿಗೆ 40,000ವನ್ನು ಮೀರಿದ ನಾದವೂ ಕೇಳಿಸುವುದು. ನಮಗೆ ಗದ್ದಲವಾದುದು ಅದಕ್ಕೆ ಆಘಾತ. ಆದುದರಿಂದ ಮೊದಲು ದೂರದ ಬೇವಿನ ಮರದ ಕೆಳಗೆ ಗೂಡನ್ನಿಟ್ಟು ಕುಳಿತೆವು. ದಿನೇ ದಿನೇ ಹತ್ತಿರ ಸರಿದೆವು. ವಾರದ ಕೊನೆಗೆ ಗಾಡಿಯು ಸೀಟಿ ಹಾಕುತ್ತ ಬಂದು ನಿಂತರೂ ಮೋತಿಯು ಕಿವಿಯನ್ನೆತ್ತಿ, ಅಕ್ಕನ ಮುಖವನ್ನು ನೋಡಿ, ಮತ್ತೆ ತಲೆಯನ್ನು ಕಾಲ ಮೇಲಿಡತೊಡಗಿತು. ಇಲ್ಲಿಯೇ ನಾನು ಒಂದು ಸಂಗತಿಯನ್ನು ಕಂಡುಕೊಂಡೆನು. ಅದು ರೈಲನ್ನು ನೋಡುತ್ತಿರಲಿಲ್ಲ. ರೈಲು ಬಂದಾಗ ಅಕ್ಕನು ಏನು ಮಾಡುವಳೆಂದು ನೋಡುತ್ತಿತ್ತು. ಅಕ್ಕನು ಬೆಚ್ಚಿ "ಅಯ್ಯ ನನ ಮೋತೀ" ಎಂದು ಎತ್ತಿಕೊಂಡ ದಿನ ಅದು ನಡುಗಿತು. ಅವಳು ಅವರೆಕಾಳು ಬಿಡಿಸುತ್ತ ಸುಮ್ಮನೆ ಕುಳಿತ ದಿನ ಅದೂ ಸುಮ್ಮನಿದ್ದಿತು. ಮುದ್ದಿಸುವುದನ್ನು ತಡೆದುಕೊಳ್ಳುವುದು ಅಕ್ಕನಿಗೆ ಎಲುಬು ಕೂಡಿಸಿಕೊಂಡುದಕ್ಕಿಂತ ಕಷ್ಟವಾಯಿತು. ವೈರಾಗ್ಯವೇ ಕಠಿನವೆಂಬುದು ನನಗೆ ಅಂದು ತಿಳಿಯಿತು.

ಹೊರಡುವ ಮೂರು ದಿನ ಮೊದಲು ಬೀದರಕ್ಕೆ ಬಂದು, ಚೌಬಾರದ ಹತ್ತಿರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಇಳಿದೆವು. ಹುಚ್ಚುನಾಯಿ ರೋಗದ ಲಸಿಕೆಯ ಪತ್ರವೂ, ಪ್ರಯಾಣಕ್ಕೆ ಯೋಗ್ಯವೆಂಬ ವೈದ್ಯರ ಪತ್ರವೂ ಕೈಯಲ್ಲಿರಬೇಕು. ಎರಡನೆಯದು ಪ್ರಯಾಣದ ಹೊತ್ತಿಗೆ ಹೊಸದಾಗಿರಬೇಕು. ಅದನ್ನು ಪಡೆದು, ಬೆಳಗಿನ ತಂಪಿನಲ್ಲಿ ಮೋತಿಯನ್ನು ಕೋಟೆಯ ಕಡೆಗೆ ನಡೆಸಿಕೊಂಡು ಹೋದೆನು. ಬಹಮನೀ ಅರಸನಾದ ಅಹಮದ ಶಾಹನು ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಎದ್ದುನಿಂತ ಕೆಂಗಲ್ಲಿನ ಗೋಡೆಗಳು ಅವು. ಬಂಡೆಯಲ್ಲೇ ಕಡಿದ ಕಂದಕದ ಅಂಚಿನಲ್ಲಿ ನಿಂತಿದ್ದಾಗ ತಲೆಯ ಮೇಲೆ ಜೆಟ್ ವಿಮಾನವೊಂದು ಆಕಾಶವನ್ನು ಸೀಳಿಕೊಂಡು ಹೋಯಿತು. ಬೀದರವು ವಾಯುಸೇನೆಯ ತರುಣರು ಹಾರಾಟವನ್ನು ಕಲಿಯುವ ಊರು. 2008ರಲ್ಲಿ ಹಾಕ್ ಎಂಬ ತರಬೇತಿ ಜೆಟ್ಟುಗಳು ಇಲ್ಲಿಗೆ ಬಂದುವು. ಮೋತಿಯು ನನ್ನ ಧೋತರದ ಮರೆಗೆ ಸರಿಯಿತು. ಆದರೆ ಕೋಟೆಯ ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಮಲಗಿದ್ದ ಬೀದಿನಾಯಿಗಳು ಒಂದು ಕಿವಿಯನ್ನೂ ಎತ್ತಲಿಲ್ಲ. ಅವುಗಳಿಗೆ ಯಾರೂ ಗುಳಿಗೆ ಕೊಟ್ಟಿರಲಿಲ್ಲ. ಹುಟ್ಟಿದಂದಿನಿಂದ ಆ ಗರ್ಜನೆಯನ್ನು ಕೇಳಿಯೂ ಅದರಿಂದ ಕೇಡಾಗದಿದ್ದುದನ್ನು ಅವು ಕಂಡಿದ್ದುವು. ಮೂರು ದಿನವೂ ಬೆಳಿಗ್ಗೆ ಅಲ್ಲಿಗೇ ಹೋದೆವು. ಮೂರನೆಯ ದಿನ ಮೋತಿಯು ಧೋತರದ ಮರೆಯಿಂದ ಮೂತಿಯನ್ನು ಹೊರಗೆ ಚಾಚಿತು. ಅಷ್ಟೇ ಸಾಕೆನಿಸಿತು.

ಫೆಬ್ರವರಿಯ ಒಂದು ನಸುಕಿನಲ್ಲಿ ಹೊರಟೆವು. ಬೇಸಿಗೆಯ ನಡುಹಗಲ ಪ್ರಯಾಣವು ನಾಯಿಗೆ ಸಲ್ಲದು. ಅದಕ್ಕೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ಏದುವುದರಿಂದಲೇ ಶಾಖವನ್ನು ಹೊರಹಾಕಬೇಕು. ಜಹೀರಾಬಾದನ್ನು ದಾಟುವಾಗ ಬೆಳಕು ಹರಿಯಿತು. ಪಟಾನಚೆರುವಿನಿಂದ ಹೊರವರ್ತುಲ ರಸ್ತೆಯನ್ನು ಹಿಡಿದು ಶಂಶಾಬಾದವನ್ನು ಸೇರಿದೆವು. ದಾರಿಯಲ್ಲಿ ಎರಡು ಕಡೆ ಅಕ್ಕನಿಗೂ ಮೋತಿಗೂ ವಿಶ್ರಾಂತಿ ಕೊಟ್ಟೆವು. ನಿಲ್ದಾಣದ ಹೊರಗೆ ಮೋತಿಯನ್ನು ಚೆನ್ನಾಗಿ ತಿರುಗಾಡಿಸಿ ಅದರ ಬಾಧೆಗಳನ್ನೆಲ್ಲ ತೀರಿಸಿದೆವು.

ಒಳಗೆ ಹೋದ ಮೇಲೆ ಮೂರು ಗಂಡಾಂತರಗಳುಂಟು. ಮೊದಲನೆಯದು ತಪಾಸಣೆಯ ಸ್ಥಳ. ಅಲ್ಲಿ ಗೂಡು ಯಂತ್ರದೊಳಗೆ ಹೋಗಬೇಕು, ನಾಯಿ ಹೊರಗೆ ಬರಬೇಕು. ಗೂಡಿನಿಂದ ತೆಗೆದ ನಾಯಿ ಬೆದರಿ ಓಡಿದರೆ ಆ ಜನಸಾಗರದಲ್ಲಿ ಹಿಡಿಯುವವರಾರು? ಕೊರಳ ಪಟ್ಟಿಯಿಂದ ತಲೆಯನ್ನು ನುಣುಚಿಸಿಕೊಳ್ಳಬಹುದು. ಎದೆಪಟ್ಟಿಯಿಂದ ಹಾಗೆ ಸುಲಭವಾಗಿ ಬಿಡಿಸಿಕೊಳ್ಳಲಾಗದು. ಆದುದರಿಂದ ಎದೆಪಟ್ಟಿಯನ್ನು ಹಾಕಿ, ಹಗ್ಗವನ್ನು ನನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆನು. ಬಾಯಿಗೆ ಕಟ್ಟುವ ಕುಕ್ಕೆಯನ್ನೂ ಮನೆಯಲ್ಲಿಯೇ ರೂಢಿ ಮಾಡಿಸಿದ್ದೆವು. ಗಾಲಿಕುರ್ಚಿಯಲ್ಲಿ ಕುಳಿತ ಅಕ್ಕನ ಮಡಿಲಲ್ಲಿ ಮೋತಿಯು ನಡುಗಿತಾದರೂ ಕೂಗಲಿಲ್ಲ. ಗೂಡು ಯಂತ್ರದ ಆಚೆ ಬಂದೊಡನೆ ತಾನೇ ಹಾರಿ ಒಳಹೊಕ್ಕಿತು. ಪರೀಕ್ಷಿಸುತ್ತಿದ್ದ ಹೆಣ್ಣುಮಗಳು ನಕ್ಕು ನಮ್ಮನ್ನು ಮುಂದೆ ಬಿಟ್ಟಳು. ಆರು ವಾರಗಳ ಶ್ರಮಕ್ಕೆ ಅದೊಂದು ಜಿಗಿತವೇ ಸಂಬಳ.

ಎರಡನೆಯದು ವಿಮಾನವು ಮೇಲೇಳುವ ಸಮಯ. ಅಕ್ಕನಿಗೂ ಅದು ಮೊದಲ ಯಾನವೆಂಬುದನ್ನು ನಾಯಿಯ ಗೊಂದಲದಲ್ಲಿ ನಾನು ಮರೆತೇಬಿಟ್ಟಿದ್ದೆನು. ಯಂತ್ರಗಳು ಮೊರೆದು ವಿಮಾನವು ಓಡತೊಡಗಿದಾಗ ಅಕ್ಕನು ನನ್ನ ಕೈಯನ್ನು ಹಿಡಿದಳು. ಅವಳ ಅಂಗೈ ತಣ್ಣಗಾಗಿತ್ತು. ಕಾಲ ಬಳಿಯಿದ್ದ ಗೂಡಿಗೆ ಬಾಗಿ "ಮೋತೀ, ಮೋತೀ" ಎಂದು ನಡುಗುವ ದನಿಯಿಂದ ಕರೆದಳು. ಅದುವರೆಗೆ ಸುಮ್ಮನಿದ್ದ ಮೋತಿಯು ಎದ್ದು ಕುಂಯ್‌ಗುಡುತ್ತ ಜಾಲರಿಯನ್ನು ಕೆರೆಯಿತು. ಮುಂದಿನ ಸಾಲಿನವರು ಹಿಂದಿರುಗಿ ನೋಡಿದರು. ನಾನು ಮೆಲ್ಲಗೆ, "ಅಕ್ಕಾ, ಭಾಲ್ಕಿ ಟೇಶನ್ ನೆನಸಿಕೋ. ಅವ್ವನ ಪದಾ ಅನ್ನು" ಎಂದೆನು. ಅವಳು ಕಣ್ಣು ಮುಚ್ಚಿದಳು. ಮೊದಲು ತುಟಿಗಳಷ್ಟೇ ಅಲುಗಿದುವು. ಆಮೇಲೆ ಬೀಸುವ ಪದದ ಆ ಹಳೆಯ ಧಾಟಿ, ಯಂತ್ರದ ಮೊರೆತದ ಅಡಿಯಲ್ಲಿ ಕೇಳಿಯೂ ಕೇಳದಂತೆ, ಹೊರಟಿತು. ಮೋತಿಯ ಕೆರೆತವು ನಿಧಾನವಾಯಿತು, ನಿಂತಿತು. ಒಮ್ಮೆ ಸುತ್ತಿ, ಕೌದಿಯನ್ನು ಕಾಲಿಂದ ಸರಿಪಡಿಸಿ, ಅದು ಮಲಗಿತು. ಅಕ್ಕನು ಕಣ್ಣು ತೆರೆದು ಕಿಟಕಿಯ ಹೊರಗೆ ನೋಡಿದಳು, ಕೆಳಗೆ ಮೋಡಗಳಿದ್ದುವು. ನನ್ನ ಕೈಯನ್ನು ಅವಳು ಯಾವಾಗ ಬಿಟ್ಟಿದ್ದಳೋ ನಾನೂ ಕಾಣಲಿಲ್ಲ. ನಾಯಿಯನ್ನು ಅಕ್ಕನು ಸಂತೈಸಿದಳೋ, ನಾಯಿಗಾಗಿ ಹಾಡುತ್ತ ಅಕ್ಕನೇ ಸಂತೈಸಿಕೊಂಡಳೋ, ನಾನು ನಿರ್ಣಯಿಸಲಾರೆನು.

ವಿದ್ಯಾರ್ಥಿಗೆ ಶ್ವಾನನಿದ್ರೆಯಿರಬೇಕೆಂದು, ಅಂದರೆ ಕರೆದೊಡನೆ ಏಳುವ ಎಚ್ಚರಿಕೆಯಿರಬೇಕೆಂದು, ನಾನು ತರಗತಿಯಲ್ಲಿ ಹೇಳುತ್ತಿದ್ದೆನು. ಅಂದು ಆ ಮಾತಿನ ಇನ್ನೊಂದು ಮುಖವನ್ನು ಕಂಡೆನು: ನಾಯಿಯು ನಂಬಿಕೆಯುಳ್ಳ ಕಡೆಯಲ್ಲಿ ಅಷ್ಟು ಬೇಗ ನಿದ್ರಿಸಲೂ ಬಲ್ಲುದು.

ಮೂರನೆಯ ಗಂಡಾಂತರವು ಇಳಿಯುವಾಗಿನದು. ಗಾಳಿಯ ಒತ್ತಡವು ಬದಲಾಗಿ ನಮ್ಮ ಕಿವಿ ಕಟ್ಟುವಂತೆ ಅದರ ಕಿವಿಯೂ ಕಟ್ಟುವುದು. ನುಂಗುವುದರಿಂದಲೂ ಅಗಿಯುವುದರಿಂದಲೂ ಬಿಡುವುದು. ನಮಗೆ ಹೇಳಿಕೊಟ್ಟರೆ ತಿಳಿಯುವುದು, ನಾಯಿಗೆ ತಿಳಿಯದು. ಇದಕ್ಕಾಗಿ ನಾರಿನ ಹಗ್ಗದ ಗಂಟೊಂದನ್ನು ಗೂಡಿನಲ್ಲಿ ಇಟ್ಟಿದ್ದೆವು. ಮೋತಿಯು ಎದ್ದು ತಲೆಯನ್ನು ಎರಡು ಸಲ ಕೊಡವಿ, ಗಂಟನ್ನು ಅಗಿಯುತ್ತ ಕುಳಿತಿತು. ದೇವನಹಳ್ಳಿಯ ನೆಲವನ್ನು ಚಕ್ರಗಳು ಮುಟ್ಟಿದುವು. ಹೊರಗೆ ಬಂದೊಡನೆ ಅಕ್ಕನು ಮಗನನ್ನು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ಮಣ್ಣು ಎಲ್ಲಿ ಅದ?" ಎಂಬುದು. ಮೋತಿಗೆ ಆಗ ಬೇಕಾಗಿದ್ದುದು ಅದೇ. ಆಮೇಲೆ ಅದು ಒಂದು ಬಟ್ಟಲು ನೀರನ್ನು ಒಂದೇ ಉಸಿರಿಗೆ ಕುಡಿಯಿತು.

ಈ ಬರಹವನ್ನು ಓದಿ ಎಲ್ಲರೂ ತಮ್ಮ ನಾಯಿಗಳನ್ನು ವಿಮಾನಕ್ಕೆ ಹತ್ತಿಸಬೇಕೆಂದು ನಾನು ಹೇಳುವುದಿಲ್ಲ. ಮುದಿನಾಯಿ, ಕಾಯಿಲೆಯ ನಾಯಿ, ಮೋಟುಮೂಗಿನ ನಾಯಿ ಇವುಗಳನ್ನು ಒಯ್ಯುವ ಮುನ್ನ ವೈದ್ಯರ ಮಾತೇ ಕೊನೆಯ ಮಾತಾಗಬೇಕು. ನಾಲ್ಕು ದಿನದ ಮದುವೆಗಾಗಿ ಹೋಗುವವರು ಅದನ್ನು ಪರಿಚಿತರ ಮನೆಯಲ್ಲಿ ಬಿಟ್ಟುಹೋಗುವುದೇ ಕರುಣೆ. ಒಯ್ಯಲೇಬೇಕಾದವರಿಗೆ ಮಾತ್ರ ನನ್ನ ಬಿನ್ನಹ ಇಷ್ಟು: ಗೂಡನ್ನು ಆರು ವಾರ ಮೊದಲೇ ಕೊಳ್ಳಿರಿ. ಮತ್ತು ಆ ಆರು ವಾರಗಳಲ್ಲಿ ನಾಯಿಗೆ ಕಲಿಸುವುದಕ್ಕಿಂತ ಹೆಚ್ಚಾಗಿ ನೀವು ಸುಮ್ಮನಿರುವುದನ್ನು ಕಲಿಯಿರಿ.

ನಾನು ರೈಲಿನಲ್ಲಿ ಒಬ್ಬನೇ ಭಾಲ್ಕಿಗೆ ಮರಳಿದೆನು. ಕೆಲವು ದಿನಗಳ ಮೇಲೆ ಔರಾದಕ್ಕೆ ಹೋಗಿ ಅಕ್ಕನ ಮನೆಯ ಬೀಗವನ್ನು ತೆಗೆದು ಗಾಳಿಯಾಡಿಸುತ್ತಿರುವಾಗ, ನೆರೆಮನೆಯ ಹುಡುಗನೊಬ್ಬನು ಹೊಸ್ತಿಲಲ್ಲಿ ನಿಂತು, "ಮೇಷ್ಟರೇ, ಮೋತಿ ಅತ್ತಿತೇನ್ರೀ?" ಎಂದು ಕೇಳಿದನು. ಇಲ್ಲವೆಂದೆನು. ಅವನು ನಂಬಿದಂತೆ ಕಾಣಲಿಲ್ಲ. ಮರುದಿನ ಅವನಿಗೆ ಶಾಲೆಯಲ್ಲಿ ಮೊದಲ ದಿನವಂತೆ. ತಾಯಿ ಒಳಗಿನಿಂದ ಗದರಿಸಿ ಕರೆಯುತ್ತಿದ್ದಳು. ನಾನು ಅವನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು, ಗೂಡಿನ ಕಥೆಯನ್ನು ಮೊದಲಿನಿಂದ, ನನ್ನ ಬೆರಳಿನ ಗಾಯವನ್ನೂ ತೋರಿಸಿ, ನಿಧಾನವಾಗಿ ಹೇಳಿದೆನು. ಮರುದಿನ ಬೆಳಿಗ್ಗೆ ಅವನ ತಾಯಿಯ ಅಪ್ಪಣೆ ಪಡೆದು, ಶಾಲೆಯ ಗಂಟೆ ಬಾರಿಸುವ ಎಷ್ಟೋ ಮುಂಚೆ, ಖಾಲಿ ತರಗತಿಯನ್ನು ತೋರಿಸಿ ಕರೆತರಲು ಅವನ ಕೈ ಹಿಡಿದು ಹೊರಟೆನು.